ಗಿರಣಿ ಅವ್ವ ಉಸುಕು ಬೆರೆಸಲಿಲ್ಲ

ಬಾಗಿಲು ದಾಟಿದ್ದೇ ತಡ, ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯಿತು. ಹಳೆಯ, ಕಮಟು ಹರಳೆಣ್ಣೆ. ಗಿರಣಿಯ ಅಚ್ಚಿಗೆ ಈಗಲೂ ಯಾರೋ ಎಣ್ಣೆ ಬಿಡುತ್ತಾರೆ ಎಂದು ತಿಳಿಯಿತು. ತಿರುಗದ ಅಚ್ಚಿಗೆ ಎಣ್ಣೆ ಯಾಕೋ! ಬಂದವರು ನೋಡಿ ಮೆಚ್ಚಲಿ ಎಂದಿರಬೇಕು. ನನ್ನ ಜೊತೆಯವರು ಮೂಗು ಮುಚ್ಚಿಕೊಂಡು ಒಳಗೆ ನಡೆದರು. ನಾನು ಹೊಸ್ತಿಲಲ್ಲೇ ನಿಂತೆ. ನಲವತ್ತೈದು ವರ್ಷಗಳ ಹಿಂದೆ ಇದೇ ವಾಸನೆಯ ಸೀರೆಯುಟ್ಟ ಒಬ್ಬ ಹೆಂಗಸು ಇದೇ ಬಾಗಿಲಲ್ಲಿ ಎರಡೂ ಕೈ ಚಾಚಿ ನನಗೆ ಅಡ್ಡ ನಿಂತಿದ್ದಳು...

ಇದು ನೀರಿನ ಬಲದಿಂದ ನಡೆಯುತ್ತಿದ್ದ ಹಿಟ್ಟಿನ ಗಿರಣಿ. ಸಂಸ್ಥಾನದ ಕಾಲದಲ್ಲಿ, ಮುಧೋಳ ಸೀಮೆಯ ನನ್ನ ಗಂಡನ ಊರಿನ ಹಳ್ಳಕ್ಕೆ ಒಡ್ಡು ಹಾಕಿ, ಕಾಲುವೆ ತೆಗೆದು, ಚಕ್ರ ಕೂಡಿಸಿ ಕಟ್ಟಿದ್ದು. ಚಕ್ರ ಕೆಳಗೆ, ಬೀಸುವ ಕಲ್ಲು ಮೇಲೆ. ಈಗ ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಗೋಡೆಗೆ ಸುಣ್ಣ, ಕಿಟಕಿಗೆ ಹಸಿರು ಬಣ್ಣ, ಕಲ್ಲಿನ ಸುತ್ತ ಕೆಂಪು ಹಗ್ಗ, ಹಗ್ಗಕ್ಕೆ ‘ಮುಟ್ಟಬೇಡಿ’ ಎಂಬ ಫಲಕ. ಊರಿನ ಎಲ್ಲ ಹೆಂಗಸರೂ ಮೊಳಕೈತನಕ ಕೈ ಹಾಕಿ ಹಿಟ್ಟು ಬಳಿದುಕೊಂಡ ಜಾಗದಲ್ಲಿ ಮುಟ್ಟಬೇಡಿ! ಜಮಖಂಡಿಯಿಂದ ಟೆಂಪೋ ಮಾಡಿಕೊಂಡು ಹೋದ ನಾವು ಒಂಬತ್ತು ಮಂದಿ, ಎಲ್ಲ ಒಂದೇ ಓಣಿಯ ಹೆಂಗಸರು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಅವರಿಗೆಲ್ಲ ಅಕ್ಕೋರು. ‘ಅಕ್ಕೋರ ಗಂಡನ ಊರಾಗ ಗಿರಣಿ ನೋಡಾಕ ಇಟ್ಟಾರಂತ, ನಡೀರಿ’ ಎಂದು ಅವರೇ ಗಂಟುಬಿದ್ದು ನನ್ನನ್ನು ಹೊರಡಿಸಿದ್ದರು.

ಒಳಗೆ ತೋರಿಸುವವನು ಒಬ್ಬನಿದ್ದ. ಐವತ್ತು ದಾಟಿದ ಮನುಷ್ಯ, ಕಾವಲುಗಾರನೂ ಅವನೇ. ಮಾತು ಬಲ್ಲವ. ಚಕ್ರ ತೋರಿಸಿದ, ಕಲ್ಲಿನ ತೂಕ ಹೇಳಿದ, ನಮ್ಮವರು ತಲೆದೂಗಿದರು. ಆಮೇಲೆ ಅವನು ದನಿ ತಗ್ಗಿಸಿದ.

“ಈ ಗಿರಣಿಗೆ ಮಂದಿ ಏನಂತಿದ್ರು ಗೊತ್ತೇನ್ರಿ? ಉಸುಕಿನ ಗಿರಣಿ! ಇಲ್ಲೊಬ್ಬಾಕಿ ಇದ್ಲು. ಮಂದಿ ಜ್ವಾಳ ಕದ್ದು ಅಷ್ಟ ತೂಕದ ಉಸುಕು ಬೆರಸತಿದ್ಲು. ಒಂದಿನ ಊರ ದೊಡ್ಡ ಮನಿಗೆ ಕನ್ಯಾ ನೋಡಾಕ ಬೀಗರು ಬಂದ್ರು. ಊಟಕ್ಕ ಕುಂತ್ರು. ಹಿರೇರು ಒಂದು ತುತ್ತು ಬಾಯಾಗ ಇಟ್ರು... ಕರಕ್! ಹಲ್ಲು ರೊಟ್ಟ್ಯಾಗ!”

ನಮ್ಮ ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ನನ್ನ ಪಕ್ಕೆಗೆ ತಿವಿದು, “ನಿಮ್ಮ ಊರಾಗ ಎಂಥೆಂಥಾ ಕಳ್ಳೇರಿದ್ರು ನೋಡ್ರಿ ಅಕ್ಕೋರ!” ಎಂದಳು.

ಆ ಕತೆ ಸುಳ್ಳು. ಹಲ್ಲು ಬಿದ್ದದ್ದೂ ಸುಳ್ಳು, ಉಸುಕೂ ಸುಳ್ಳು, ಕದ್ದದ್ದಂತೂ ಹಸಿ ಸುಳ್ಳು. ಸುಳ್ಳೆಂದು ಖಚಿತವಾಗಿ ಗೊತ್ತಿದ್ದವರು ಇಬ್ಬರೇ ಇಬ್ಬರು. ಒಬ್ಬಳು ಆ ಗಿರಣಿಯವಳು, ಅವಳು ತೀರಿಕೊಂಡಳು. ಇನ್ನೊಬ್ಬಳು ಆ ದೊಡ್ಡ ಮನೆಯ ಹಿರಿಯ ಸೊಸೆ. ಅದು ನಾನು.

ನಾನು ಏನೂ ಹೇಳದೆ ಹೊರಗೆ ಬಂದು ಒಡ್ಡಿನ ಮೇಲೆ ಕುಳಿತೆ. ಹಳ್ಳದಲ್ಲಿ ಒಂದು ಗೇಣು ನೀರೂ ಇರಲಿಲ್ಲ. ಸುಮ್ಮನೆ ಬಂದು ಕುಳಿತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಲವತ್ತೈದು ವರ್ಷ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದ್ದೆ.

ಊರೆಲ್ಲ ಅವಳನ್ನು ಗಿರಣಿ ಅವ್ವ ಎನ್ನುತ್ತಿತ್ತು. ನಾನು ಮದುವೆಯಾಗಿ ಬಂದಾಗ ಅವಳಿಗೆ ಐವತ್ತರ ಆಸುಪಾಸು. ಕುಳ್ಳಿ. ದನಿ ಮಾತ್ರ ಹಳ್ಳದ ಆಚೆ ದಂಡೆಗೆ ಮುಟ್ಟುವಂಥದ್ದು, ಕಲ್ಲಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಹಾಗಾಗಿತ್ತು. ಹುಬ್ಬಿಗೆ, ರೆಪ್ಪೆಗೆ ಸದಾ ಹಿಟ್ಟು. ಎರಡೂ ಕೈಯ ಮೇಲೆ ಕರಿಯ ಚುಕ್ಕೆಗಳಿದ್ದವು. ಹಚ್ಚೆ ಹಾಕಿಸಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಅವು ಹಚ್ಚೆಯಲ್ಲ. ಸವೆದ ಕಲ್ಲಿಗೆ ಟಾಕಿ ಹೊಡೆಯುವಾಗ, ಅಂದರೆ ಉಳಿಯಿಂದ ಕಲ್ಲಿನ ಗೆರೆಗಳನ್ನು ಮತ್ತೆ ಹರಿತ ಮಾಡುವಾಗ, ಉಳಿಯ ಉಕ್ಕಿನ ಚೂರು ಸಿಡಿದು ಚರ್ಮದೊಳಗೆ ಉಳಿದುಬಿಡುತ್ತಿತ್ತು.

ಟಾಕಿ ಹೊಡೆಯುವುದು ಗಂಡಸರ ಕೆಲಸ ಎಂದು ಎಲ್ಲ ಕಡೆ ನಂಬಿಕೆ. ಅವಳ ಗಂಡ ಸತ್ತ ಮೇಲೆ ಊರ ಹಿರಿಯರು ಬಂದು, ಹೆಣ್ಣುಮಗಳು ಕಲ್ಲಿನ ಮೇಲೆ ಕಾಲು ಚಾಚಿ ಕೂತು ಟಾಕಿ ಹೊಡೆಯಬಾರದು, ಗಿರಣಿ ಬೇರೆಯವರಿಗೆ ಬಿಡು ಎಂದರಂತೆ. “ನನ್ನ ಗಂಡ ಸತ್ತಾನ್ರಿ, ಕಲ್ಲು ಸತ್ತಿಲ್ಲ. ಅದಕ್ಕ ಟಾಕಿ ಹೊಡ್ಯಾಕ ನೀವು ಬರತೀರೇನು? ಬರ್ರಿ, ಉಳಿ ಕೊಡತೀನಿ” ಎಂದಳಂತೆ. ಯಾರೂ ಬರಲಿಲ್ಲ. ಇದನ್ನು ನನಗೆ ಹೇಳಿದವರು ನನ್ನ ಅತ್ತೆ. ಹೇಳುವಾಗ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಆ ಗಿರಣಿಯ ಹಿಟ್ಟಿನ ಮಾತೇ ಬೇರೆ. ನಾನು ಬನಹಟ್ಟಿಯ ಪೇಟೆಯಲ್ಲಿ ಬೆಳೆದವಳು. ಅಲ್ಲಿ ಓಣಿಯ ತುದಿಗೇ ಕರೆಂಟಿನ ಗಿರಣಿ. ಹಿಟ್ಟು ಸುಡುತ್ತ ಬರುತ್ತಿತ್ತು. ಸುಟ್ಟ ಹಿಟ್ಟಿಗೆ ಜಿಗಿ ಕಡಿಮೆ. ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ. ನೀರಿನ ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ತಣ್ಣಗೆ ಬೀಳುತ್ತಿತ್ತು. ಗಿರಣಿ ಅವ್ವ ಆಗಾಗ ಮುಂಗೈ ತಿರುಗಿಸಿ ಹಿಟ್ಟಿನಲ್ಲಿ ಇಟ್ಟು ನೋಡುವಳು. ಸ್ವಲ್ಪ ಬಿಸಿ ತಾಕಿದರೂ ಕಾಲುವೆಗೆ ಓಡಿ, ತೂಬಿನ ಹಲಗೆ ಇಳಿಸಿ, ನೀರು ಕಡಿಮೆ ಮಾಡುವಳು. ಆ ಹಿಟ್ಟಿನಲ್ಲಿ ನಾನು ಬಡಿದ ಮೊದಲ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗಿತ್ತು. ನನ್ನ ಕೈಗುಣ ಎಂದು ಉಬ್ಬಿದ್ದೆ, ಮೂರ್ಖಿ.

ಗಿರಣಿಗೆ ಅವಳದೇ ಕಾನೂನು. ಚೀಲ ತಂದು ಪಾಳಿಗೆ ಇಟ್ಟರೆ ಆಯಿತು, ಮನುಷ್ಯ ಹೋಗಬಹುದು, ಚೀಲವೇ ಪಾಳಿ ಕಾಯುತ್ತದೆ. ಯಾರ ಚೀಲವೂ ಯಾರ ಚೀಲವನ್ನೂ ದಾಟುವಂತಿಲ್ಲ. ನಮ್ಮ ಮಾವನವರ ಚೀಲವೂ ಕೂಲಿಯವಳ ಬುಟ್ಟಿಯ ಹಿಂದೆ ಕೂತಿರುತ್ತಿತ್ತು. ಅದು ಅವರಿಗೆ ಸಹಿಸುತ್ತಿರಲಿಲ್ಲ. ಕಾಲುವೆ ಹಾದುಬರುವುದು ನಮ್ಮ ಹೊಲದಲ್ಲಿ, ತೂಬು ಇದ್ದದ್ದೂ ನಮ್ಮ ಬದುವಿನ ಮೇಲೆ. ಆದರೂ ಆ ಹೆಂಗಸು ಜಗ್ಗುವಳಲ್ಲ.

ಇನ್ನೊಂದು ಕಾನೂನಿತ್ತು. ಅದು ನನಗೆ ಗೊತ್ತಿರಲಿಲ್ಲ. ಟಾಕಿ ಹೊಡೆದ ದಿನ ಊರವರು ಯಾರೂ ಗಿರಣಿಗೆ ಬರುತ್ತಿರಲಿಲ್ಲ. ಹೊಸದಾಗಿ ಕೆತ್ತಿದ ಕಲ್ಲು ಮೊದಲ ಬೀಸಿಗೆ ಪುಡಿ ಉದುರಿಸುತ್ತದೆ, ಎಷ್ಟು ತೊಳೆದರೂ ಸರಿಯೇ. ಅದಕ್ಕೆ ಅವಳು ತನ್ನ ಜೋಳ ಸುರಿದು ಮೊದಲ ಹಿಟ್ಟು ತೆಗೆಯುವಳು. ಆ ಹಿಟ್ಟನ್ನು ಹಳ್ಳದ ಮೀನಿಗೆ ಚೆಲ್ಲುವಳು. ಮರುದಿನದಿಂದ ಮಂದಿಯ ಪಾಳಿ. ತನ್ನ ಹೊಟ್ಟೆಯ ಜೋಳವನ್ನು ಪ್ರತಿ ಸಲ ಹೀಗೆ ಕಳೆದುಕೊಳ್ಳುತ್ತಿದ್ದಳು, ಒಂದು ದಿನವೂ ಅದನ್ನು ಹೇಳಿಕೊಂಡವಳಲ್ಲ.

ಆವತ್ತು ಸುಗ್ಗಿಯ ಕಾಲ. ಆಳುಗಳೆಲ್ಲ ಹೊಲದಲ್ಲಿ. ಮುಂಜಾನೆ ಯಾರೋ ಸೈಕಲ್ಲಿನಲ್ಲಿ ಬಂದು, ನಾದಿನಿಯನ್ನು ನೋಡಲು ಮಧ್ಯಾಹ್ನ ಬೀಗರು ಬರುತ್ತಾರೆ ಎಂದು ಹೇಳಿ ಹೋದ. ಡಬ್ಬಿಯಲ್ಲಿ ಹಿಟ್ಟಿಲ್ಲ! ಅತ್ತೆ ಗಾಬರಿಯಲ್ಲಿ ಅದು ಟಾಕಿಯ ದಿನವೆಂಬುದನ್ನೂ ಮರೆತು ಬುಟ್ಟಿ ತುಂಬ ಜೋಳ ಅಳೆದು ನನ್ನ ತಲೆಯ ಮೇಲಿಟ್ಟು, “ಓಡು, ಬಿಸಲ ಏರೂದ್ರಾಗ ಹಿಟ್ಟು ತಗೊಂಡ ಬಾ” ಎಂದರು. ಹತ್ತೊಂಬತ್ತರ ಹುಡುಗಿ, ದೊಡ್ಡ ಮನೆಯ ಸೊಸೆ, ತಲೆ ಮೇಲೆ ಬುಟ್ಟಿ ಹೊತ್ತು ಊರ ಮುಂದೆ ಹೋಗುವಂತಾಯಿತಲ್ಲ ಎಂದು ನನಗೆ ಉರಿಯುತ್ತಿತ್ತು.

ಗಿರಣಿಯಲ್ಲಿ ಒಂದು ಚೀಲವೂ ಇರಲಿಲ್ಲ. ಪುಣ್ಯ, ಪಾಳಿ ಇಲ್ಲ ಎಂದುಕೊಂಡೆ. ಗಿರಣಿ ಅವ್ವ ಆಗ ತಾನೇ ಟಾಕಿ ಮುಗಿಸಿ, ಹಾರೆಯಿಂದ ಮೇಲಿನ ಕಲ್ಲು ಕೂಡಿಸಿ, ಬೆವರು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳದೊಂದು ಸಣ್ಣ ಗಂಟು ಜೋಳ.

“ಅರ್ಜಂಟ್ ಐತಿ, ಬೀಸಿ ಕೊಡು” ಎಂದೆ.

“ಕುಂದ್ರ ತಂಗಿ. ಇವತ್ತ ಮೊದಲನೇ ಹಿಟ್ಟ ನಂದು.”

“ನಾ ದೊಡ್ಡ ಮನಿ ಸೊಸಿ ಅದೀನಿ. ಮನಿಗೆ ಬೀಗರು ಬರಾಕತ್ತಾರ.”

ಅವಳು ನಕ್ಕುಬಿಟ್ಟಳು. “ಬರಲೇಳ. ದೊಡ್ಡ ಮನಿ ಜ್ವಾಳಕ ಬ್ಯಾರೆ ಕಲ್ಲು ಐತೇನ? ನಾ ನೀರು ಬಿಟ್ಟ ಬರತೀನಿ, ಕುಂತಿರು.” ಹೀಗೆಂದು ತೂಬಿನ ಕಡೆ ಹೋದಳು.

ನಕ್ಕದ್ದು ನನ್ನನ್ನು ಕೆಣಕಿತು. ಮೊದಲ ಹಿಟ್ಟು ತನ್ನದಂತೆ! ಎಂಥ ಸೊಕ್ಕು ಇವಳಿಗೆ ಎಂದುಕೊಂಡೆ. ಸೊಕ್ಕು ಯಾರಿಗಿತ್ತು ಎಂದು ಈಗ ಹೇಳಬೇಕಾಗಿಲ್ಲ. ಅವಳ ಗಂಟನ್ನು ಕಾಲಿನಿಂದ ಸರಿಸಿದೆ. ಹೌದು, ಕಾಲಿನಿಂದ. ನನ್ನ ಬುಟ್ಟಿಯ ಜೋಳವನ್ನು ಕಲ್ಲಿನ ಮೇಲಿನ ಪೆಟ್ಟಿಗೆಗೆ ಸುರಿದೆ. ಅಷ್ಟರಲ್ಲಿ ನೀರು ಬಂತು, ಕೆಳಗೆ ಚಕ್ರ ನರಳಿತು, ಕಲ್ಲು ತಿರುಗಿತು, ಹಿಟ್ಟು ಬಿತ್ತು. ತಣ್ಣನೆಯ, ಬೆಳ್ಳನೆಯ ಹಿಟ್ಟು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಅವಳು ತಿರುಗಿ ಬಂದದ್ದು ನನ್ನ ಹಿಟ್ಟು ಬುಟ್ಟಿಗೆ ತುಂಬಿ ಆದಮೇಲೆ. ದಾರಿಯಲ್ಲಿ ಕಾಲುವೆಯ ಕಸ ತೆಗೆಯುತ್ತ ನಿಂತಿದ್ದಳಂತೆ. ಪೆಟ್ಟಿಗೆ ನೋಡಿದಳು, ದೂರ ಸರಿದ ತನ್ನ ಗಂಟು ನೋಡಿದಳು, ಬಾಗಿಲಿಗೆ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು.

“ಈ ಹಿಟ್ಟ ಒಯ್ಯಬ್ಯಾಡ. ಕಲ್ಲಿನ ಪುಡಿ ಕೂಡೇತಿ ಇದರಾಗ. ಬೀಗರಿಗೆ ಇದನ್ನ ಉಣ್ಣಾಕ ಹಾಕಬ್ಯಾಡ. ಅರ್ಧಾ ತಾಸು ಕುಂದ್ರು, ನನ್ನ ಜ್ವಾಳ ಬೀಸಿ ಕೊಡತೀನಿ, ಅದನ್ನ ಒಯ್ಯಿ.”

ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಒಂದೊಂದು ಮಾತೂ ಕೇಳಿಸಿತು. ಕೇಳಿಸಿಯೂ ಅವಳ ಕೈ ತಳ್ಳಿ ಬುಟ್ಟಿ ಹೊತ್ತುಕೊಂಡು ಬಂದೆ.

ಮಧ್ಯಾಹ್ನ ಪಡಸಾಲೆಯಲ್ಲಿ ಬೀಗರ ಎಲೆ ಬಿದ್ದವು. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಕೆನೆಮೊಸರು. ಅವರಲ್ಲಿ ಹಿರಿಯರೊಬ್ಬರು ಒಂದು ತುತ್ತು ಅಗಿದು ನಿಲ್ಲಿಸಿದರು. ಹಲ್ಲು ಮುರಿಯಲಿಲ್ಲ, ಮುಖ ಮಾತ್ರ ಗಂಟಾಯಿತು. ತುತ್ತನ್ನು ಕೈಯಲ್ಲಿ ತೆಗೆದು ಎಲೆಯ ಅಂಚಿಗೆ ಇಟ್ಟು, ನೀರು ಕುಡಿದರು. ಮಾವನವರು ತಾವೊಂದು ತುತ್ತು ಬಾಯಿಗಿಟ್ಟರು. ಬಾಗಿಲ ಹಿಂದೆ ನಿಂತ ನನಗೆ ಹಲ್ಲಿಗೆ ಕಲ್ಲಿನ ಪುಡಿ ಸಿಕ್ಕ ಸಪ್ಪಳ ಕೇಳಿಸಿತು.

ಬೀಗರು ಹೋಗುವ ತನಕ ಮಾವನವರು ಸಿಟ್ಟು ತಡೆದುಕೊಂಡರು. ಹೋದ ಮೇಲೆ ನಡುಮನೆಗೆ ಬಂದು ಅತ್ತೆಯನ್ನು ಕೇಳಿದರು, ಸೊಸೆಯ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. “ಹಿಟ್ಟ ತಂದಾಕಿ ಯಾರು? ಗಿರಣ್ಯಾಗ ಏನ್ ನಡೀತು, ಕೇಳ ಆಕಿನ್ನ.”

ಅತ್ತೆ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು, ನಾನೇ ಸುರಿದೆ ಎಂದು. ಬೈಗುಳ ತಿನ್ನುತ್ತಿದ್ದೆ, ನಾಲ್ಕು ದಿನ ತವರಿಗೆ ಹೋಗುತ್ತಿದ್ದೆ, ಅಷ್ಟೇ.

“ಆಕಿ ಏನ್ ಬೆರಸ್ಯಾಳೋ ಏನೋ ಅತ್ತಿ... ನಾ ನೋಡಿಲ್ಲ” ಎಂದೆ.

ಉಸುಕು ಬೆರೆಸಿದ್ದು ಆಗ. ಗಿರಣಿಯಲ್ಲಿ ಅಲ್ಲ, ನಮ್ಮ ನಡುಮನೆಯಲ್ಲಿ.

ಮರುದಿನ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಹಿರಿಯರು ಕೂತರು. ಗಿರಣಿ ಅವ್ವನನ್ನು ಕರೆಸಿದರು. ಕೆಲಸದ ನಡುವೆ ಎದ್ದು ಬಂದವಳು, ಕೈ ತುಂಬ ಹಿಟ್ಟು, ತಲೆಯ ಮೇಲೆ ಸೆರಗು. ಕಟ್ಟೆಯ ಅಂಚಿಗೆ ಕೂತಳು. ನಾನು ಬಾಗಿಲ ಸಂದಿಯಲ್ಲಿದ್ದೆ. ತಪ್ಪಾತು ಅನ್ನು, ಇಲ್ಲಿಗೇ ಬಿಟ್ಟುಬಿಡೋಣ ಎಂದು ಹಿರಿಯರೊಬ್ಬರು ಮೆತ್ತಗೆ ಹೇಳಿದರು.

“ಉಸುಕು ಬೆರಸಿಲ್ಲ ನಾ. ಮಾಡದ ತಪ್ಪಿಗೆ ತಪ್ಪಾತು ಅನ್ನೂದಿಲ್ಲ.”

“ಮತ್ತ ಹಿಟ್ಟಿನ್ಯಾಗ ಕಲ್ಲು ಹೆಂಗ ಬಂತು?” ಮಾವನವರು ಗುಡುಗಿದರು.

“ಟಾಕಿ ಹೊಡದ ಕಲ್ಲಿನ ಪುಡಿ ಅದು. ಮೊದಲನೇ ಬೀಸು ಮಂದಿಗೆ ಕೊಟ್ಟಾಕಿ ಅಲ್ಲ ನಾ, ಊರಿಗೆಲ್ಲ ಗೊತ್ತೈತಿ.”

“ಹಂಗಾರ ಯಾರು ಸುರದ್ರು? ಹೆಸರು ಹೇಳು.”

ಆಗ ಅವಳು ಬಾಗಿಲ ಕಡೆ ನೋಡಿದಳು. ಸಂದಿಯಲ್ಲಿ ನನ್ನ ಕಣ್ಣು ಅವಳಿಗೆ ಕಂಡಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಹೇಳಿಯೇಬಿಡುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ.

“ನನ್ನ ಯಾಕ ಕೇಳತೀರಿ? ನಿಮ್ಮ ಮನ್ಯಾಗ ಕೇಳಕೋರಿ” ಎಂದಳು. ಸೆರಗು ಸರಿಮಾಡಿಕೊಂಡು ಎದ್ದು ನಡೆದುಬಿಟ್ಟಳು. ಎದ್ದು ಹೋಗು ಎಂದು ಯಾರೂ ಹೇಳಿರಲಿಲ್ಲ. ಆ ಕಟ್ಟೆಯ ಮೇಲಿಂದ ಹಾಗೆ ತಾನಾಗಿ ಎದ್ದು ಹೋದವರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಸಂಜೆಯೇ ಮಾವನವರು ತೂಬಿನ ಹಲಗೆಗೆ ಸರಪಳಿ ಬಿಗಿದು ಬೀಗ ಹಾಕಿಸಿದರು. ತಪ್ಪಾತು ಎನ್ನುವ ತನಕ ನೀರಿಲ್ಲ. ಗಿರಣಿ ನಿಂತಿತು. ಅವಳು ಬಂದು ಕಾಲು ಹಿಡಿಯುತ್ತಾಳೆ, ಎರಡು ದಿನ ಸಾಕು ಎಂದು ಮನೆಯಲ್ಲಿ ಮಾತಾಡಿಕೊಂಡರು. ಎರಡಾಯಿತು, ನಾಲ್ಕಾಯಿತು. ಅವಳು ದಿನಾ ಮುಂಜಾನೆ ಬಾಗಿಲು ತೆಗೆದು, ಕಸ ಗುಡಿಸಿ, ಅಚ್ಚಿಗೆ ಹರಳೆಣ್ಣೆ ಬಿಟ್ಟು, ಹೊಸ್ತಿಲ ಮೇಲೆ ಕೂಡುತ್ತಿದ್ದಳು, ಕೆಲಸವಿದ್ದ ದಿನದ ಹಾಗೆಯೇ. ನಮ್ಮ ಮನೆಯವರು ಹಾದುಹೋದರೆ ಮುಖ ತಿರುಗಿಸುತ್ತಿರಲಿಲ್ಲ. ನೆಟ್ಟಗೆ ನೋಡುತ್ತಿದ್ದಳು.

ಐದನೆಯ ದಿನ ಒಬ್ಬ ಕೂಲಿ ಹೆಂಗಸು ತನ್ನ ಜೋಳದ ಚೀಲ ತಂದು, ನಿಂತ ಗಿರಣಿಯ ಮುಂದೆ ಪಾಳಿಗೆ ಇಟ್ಟು ಹೋದಳು. ಆಮೇಲೆ ಇನ್ನೊಬ್ಬಳು. ಪಕ್ಕದ ಊರಿನಲ್ಲಿ ಕರೆಂಟಿನ ಗಿರಣಿ ಇತ್ತು, ಕೆಲವರು ಸದ್ದಿಲ್ಲದೆ ಅಲ್ಲಿಗೆ ಹೋದರು, ಸುಳ್ಳು ಯಾಕೆ ಹೇಳಲಿ. ಆದರೆ ಚೀಲಗಳು ಬಂದವು, ದಿನಕ್ಕೆ ಆರು, ಎಂಟು. ಬಾಗಿಲಿನಿಂದ ಒಡ್ಡಿನ ತನಕ ಸಾಲು. ಯಾರೂ ಒಂದು ಮಾತು ಆಡಲಿಲ್ಲ, ಜಗಳಕ್ಕೆ ಬರಲಿಲ್ಲ, ಚೀಲ ಇಟ್ಟು ಹೋದರು ಅಷ್ಟೇ. ನಮ್ಮ ಹೊಲದ ಆಳುಗಳು ಬಂದು, ಹಿಟ್ಟಿಲ್ಲ, ಬರೀ ಹೊಟ್ಟೆಯಲ್ಲಿ ಸುಗ್ಗಿ ಆಗುವುದಿಲ್ಲ ಎಂದರು. ಹನ್ನೊಂದನೆಯ ದಿನ ಮಾವನವರು ಬೀಗ ತೆಗೆಸಿದರು.

ಬೀಗ ತೆಗೆಸಿದರೇ ಹೊರತು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾದಿನಿಯ ಮದುವೆ ಅದೇ ಮನೆಗೆ ಸುಸೂತ್ರವಾಗಿ ಆಯಿತು. ಆದರೆ ಬೀಗರ ಊರಿನ ತನಕ ಉಸುಕಿನ ಗಿರಣಿ ಎಂಬ ಹೆಸರು ಹೋಗಿ ಮುಟ್ಟಿತ್ತು. ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದವರು ಬರುವುದು ಬಿಟ್ಟರು. ತಮಾಷೆಗೆಂದು ಅಂದವರೇ ಹೆಚ್ಚು. ಆ ತಮಾಷೆ ಅವಳ ಅನ್ನಕ್ಕೆ ಕಲ್ಲು ಹಾಕಿತು.

ಒಂದು ತಿಂಗಳ ಮೇಲೆ ಧೈರ್ಯ ಮಾಡಿ ಹೋದೆ. ಬುಟ್ಟಿ ಪಾಳಿಗೆ ಇಟ್ಟೆ. ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿರ ಹೋಗಿ, “ಅವ್ವಾ, ಆವತ್ತ...” ಎಂದು ಅಳಲು ಶುರುಮಾಡಿದೆ.

ಅವಳು ಹಿಟ್ಟು ಬಳಿಯುವುದನ್ನು ನಿಲ್ಲಿಸಲಿಲ್ಲ. “ನನ್ನ ಮುಂದ ಯಾಕ ಅಳತೀ? ನನಗ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೋಗಿ ಹೇಳು.” ಬಳಿದ ಹಿಟ್ಟನ್ನು ಬುಟ್ಟಿಗೆ ಹಾಕುತ್ತ, “ಅಲ್ಲಿತನಾ ಪಾಳಿ ಪ್ರಕಾರ ಬಾ, ಬೀಸಿ ಕೊಡತೀನಿ. ಅದಕ್ಕೇನು ಅಡ್ಡಿಯಿಲ್ಲ” ಎಂದಳು.

ಕ್ಷಮಿಸಲಿಲ್ಲ. ಶಪಿಸಲೂ ಇಲ್ಲ. ನನ್ನ ಪಾಳಿ ಬಂದಾಗ ಜೋಳ ಬೀಸಿ, ಮುಂಗೈಯಿಂದ ಬಿಸಿ ನೋಡಿ, ಬುಟ್ಟಿಗೆ ತುಂಬಿ ಕೊಟ್ಟಳು. ಆಮೇಲೆ ಎಷ್ಟೋ ಸಲ ಹೋದೆ. ಪ್ರತಿ ಸಲ ಅವಳು ನನ್ನ ಮುಖ ಒಮ್ಮೆ ನೋಡುವಳು, ಹೇಳಿದೆಯೇನು ಎಂಬಂತೆ. ನಾನು ತಲೆ ತಗ್ಗಿಸುವೆ.

ನನ್ನ ಗಂಡನಿಗೆ ಜಮಖಂಡಿಯಲ್ಲಿ ನೌಕರಿ ಸಿಕ್ಕಿತು, ಅಲ್ಲಿಗೆ ಹೋದೆವು. ನಾನೂ ಓದು ಮುಂದುವರಿಸಿ ಶಾಲೆ ಸೇರಿದೆ. ನಿಜ ಹೇಳಬೇಕು ಎಂದು ಮಕ್ಕಳಿಗೆ ಮೂವತ್ತು ವರ್ಷ ಬೆತ್ತ ಹಿಡಿದು ಕಲಿಸಿದೆ. ಎಂಥ ನಾಚಿಕೆಗೇಡು! ಅತ್ತ ಊರಿನಲ್ಲಿ ಕಬ್ಬು ಬಂತು, ಹಳ್ಳದ ಉದ್ದಕ್ಕೂ ಪಂಪು ಕೂತವು. ಮೊದಲ ಪಂಪು ನಮ್ಮ ಹೊಲದ್ದೇ. ಕಾಲುವೆಗೆ ನೀರು ಏರುವುದು ನಿಂತಿತು, ಕಲ್ಲೂ ನಿಂತಿತು. ಅವಳು ಆ ಗಿರಣಿಯಲ್ಲೇ ಇದ್ದು, ಮನೆಮನೆಯ ಬೀಸುಕಲ್ಲಿಗೆ ಟಾಕಿ ಹೊಡೆದುಕೊಡುತ್ತ ಕಾಲ ಕಳೆದಳಂತೆ. ಒಂದು ದಿನ ನನ್ನ ಗಂಡ ಊರಿಗೆ ಹೋಗಿ ಬಂದು ಊಟಕ್ಕೆ ಕೂತಾಗ, “ಗಿರಣಿ ಅವ್ವ ಹೋದ್ಲಂತ” ಎಂದರು. ನಾನು ಅವರ ತಟ್ಟೆಗೆ ಎರಡನೆಯ ರೊಟ್ಟಿ ಹಾಕಿದೆ. ಅವರಿಗೂ ಹೇಳಲಿಲ್ಲ. ಈಗ ಅವರೂ ಇಲ್ಲ...

ಒಡ್ಡಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ನಮ್ಮವರು ಒಳಗೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಎದ್ದೆ. ಮಂಡಿ ನೋವು ಗೀವು ಏನೂ ತಿಳಿಯಲಿಲ್ಲ. ನೆಟ್ಟಗೆ ಹೋಗಿ ಆ ತೋರಿಸುವವನ ಮುಂದೆ ನಿಂತೆ.

“ಏನಪಾ, ನೀ ಹೇಳಿದ ಕತಿ ಸುಳ್ಳು. ಆಕಿ ಉಸುಕು ಬೆರಸಿಲ್ಲ. ಆ ಹಿಟ್ಟು ಕೆಡಿಸಿದಾಕಿ ನಾನು.”

ನಮ್ಮವರ ಫೋಟೋ ನಿಂತಿತು. ನಡೆದದ್ದನ್ನೆಲ್ಲ ಹೇಳಿದೆ. ಗಂಟನ್ನು ಕಾಲಿನಿಂದ ಸರಿಸಿದ್ದನ್ನೂ ಬಿಡಲಿಲ್ಲ. ಪಕ್ಕೆಗೆ ತಿವಿದಿದ್ದ ಗೆಳತಿ ನೆಲ ನೋಡುತ್ತಿದ್ದಳು. ತೋರಿಸುವವನು ತಲೆ ಕೆರೆದುಕೊಂಡ. “ಅಕ್ಕೋರ, ಆ ಕತಿಗೇ ಎಲ್ಲಾರೂ ನಗತಾರ್ರಿ. ಅದನ್ನ ತಗದ್ರ ಇಲ್ಲಿ ಹೇಳೂದು ಏನೈತಿ? ನಿಮಗ ಏನರ ಹೇಳೂದಿದ್ರ ಅಭಿಪ್ರಾಯದ ಪುಸ್ತಕದಾಗ ಬರೀರಿ.”

“ಆ ಪುಸ್ತಕ ಯಾರು ಓದತಾರ? ನೀ ಬಾಯಿಲೆ ಹೇಳೀದಿ, ಬಾಯಿಲೇ ತಿದ್ದಬೇಕು.”

ಅವನು ಹೊರಗೆ ಹೋಗಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ಮೈದುನನ ಮಗ ಬೈಕಿನಲ್ಲಿ ಬಂದಿಳಿದ. ಊರಿನ ಮನೆ ನೋಡಿಕೊಳ್ಳುವವನೂ ಅವನೇ, ಈ ಗಿರಣಿಯ ಉಸ್ತುವಾರಿಯಲ್ಲಿ ಇರುವವನೂ ಅವನೇ. ನನ್ನನ್ನು ಪಕ್ಕಕ್ಕೆ ಕರೆದ.

“ದೊಡ್ಡವ್ವಾ, ಯಾಕ ಈಗ ಇದೆಲ್ಲ? ಅಜ್ಜಾರ ಹೆಸರು ಕೆಡತೈತಿ.”

“ಅಜ್ಜಾರ ಹೆಸರಿಗೆ ಏನಾಗಬೇಕೋ ಆಗಲಿ. ಮೊದಲ ಕೆಡೂದು ನಂದು.”

“ಹಳೇದು ಯಾರಿಗೆ ನೆನಪೈತಿ?”

“ಇಂವಾ ದಿನಾ ನಾಕ ಸಲ ನೆನಪು ಮಾಡಸಾಕತ್ತಾನಲ್ಲೋ! ಟಿಕೀಟು ಹರದು ಕಳ್ಳಿ ಅಂತ ಹೇಳಾಕತ್ತೀರಿ ಆಕಿಗೆ, ಆಕಿ ಮನ್ಯಾಗ ನಿಂತು!” ದನಿ ಏರಿತು. ಏರಲಿ. “ಮನೆತನ ಮನೆತನ ಅಂತ ಒಮ್ಮೆ ಬಾಯಿ ಮುಚ್ಚಿದ್ದು ಸಾಕು ನನಗ.”

ಅವನು ಮನೆಗೆ ಚಹಾಕ್ಕೆ ಬಾ ಎಂದ. ನಾನು ಕಲ್ಲಿನ ಪಕ್ಕ ಹೋಗಿ ನಿಂತೆ. ಅಷ್ಟರಲ್ಲಿ ಲೋಕಾಪುರದ ಕಡೆಯಿಂದ ಇನ್ನೊಂದು ಟೆಂಪೋ ಬಂತು, ಹೆಂಗಸರ ಸಂಘದವರು, ಇಪ್ಪತ್ತು ಮಂದಿ. ತೋರಿಸುವವನು ಚಕ್ರ ತೋರಿಸಿದ, ಕಲ್ಲಿನ ತೂಕ ಹೇಳಿದ. ಅಭ್ಯಾಸ ಬಲದಿಂದ ದನಿ ತಗ್ಗಿಸಿದ. ಉಸುಕಿನ ಗಿರಣಿ ಎಂದ. ಬೀಗರನ್ನು ಊಟಕ್ಕೆ ಕೂಡಿಸಿದ. ತುತ್ತು ಬಾಯಿಗೆ ಇಟ್ಟ. ಹೆಂಗಸರು ಆಗಲೇ ನಗಲು ತಯಾರಾಗಿದ್ದರು. ಅಲ್ಲಿ ಅವನ ಮಾತು ನಿಂತಿತು. ನನ್ನ ಮೈದುನನ ಮಗನನ್ನು ನೋಡಿದ, ನನ್ನನ್ನು ನೋಡಿದ.

“ಹೇಳಪಾ ಮುಂದ” ಎಂದೆ.

“ಆ ಹಿಟ್ಟು ಕೆಡಿಸಿದಾಕಿ... ಗಿರಣಿ ಅವ್ವ ಅಲ್ರಿ” ಎಂದ.

“ನಾನು” ಎಂದೆ.

ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಯಾರೂ ನಗಲಿಲ್ಲ. ಹಿಂದಿನಿಂದ ನನ್ನ ವಯಸ್ಸಿನವಳೊಬ್ಬಳು ಮಂದಿಯನ್ನು ಸರಿಸಿ ಮುಂದೆ ಬಂದಳು. ಪೊಲೀಸರೂ ಅಷ್ಟು ಚೊಕ್ಕವಾಗಿ ಕೇಳುವುದಿಲ್ಲ.

“ಯಾಕ ಹಂಗ ಮಾಡಿದಿ ಯವ್ವಾ?”

“ಸೊಕ್ಕಿಗೆ.”

“ಆಮ್ಯಾಗರ ಹೇಳಬೇಕಿಲ್ಲೊ?”

“ಅಂಜಿದೆ.”

“ಆಕಿ ಎಲ್ಲಿ ಅದಾಳ ಈಗ?”

“ತೀರಕೊಂಡ್ಲು.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಹಂಗಾರ ಈಗ ಹೇಳಿ ಏನ್ ಬಂತು?”

ಏನೂ ಬರಲಿಲ್ಲ. ಅದು ನನಗೆ ಗೊತ್ತು. ಅವಳು ಬದುಕಿದ್ದಾಗ ಒಂದು ದಿನ ಕಟ್ಟೆಯ ಮೇಲೆ ನಿಂತು ಹೇಳಿದ್ದರೆ ಅವಳ ಬಾಗಿಲಿಗೆ ಸುತ್ತಿನ ಹಳ್ಳಿಗಳ ಚೀಲ ತಿರುಗಿ ಬರುತ್ತಿದ್ದವು. ಈಗ ಹೇಳಿದ್ದು ಅವಳಿಗೆ ಕೇಳುವುದಿಲ್ಲ. ಆ ನಷ್ಟವನ್ನು ತುಂಬಿಕೊಡುವ ಶಕ್ತಿ ನನಗಿಲ್ಲ, ಯಾರಿಗೂ ಇಲ್ಲ. ಆ ಹೆಂಗಸಿಗೆ ಇದನ್ನೇ ಹೇಳಿದೆ. ಅವಳು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ, ಒಳ್ಳೆಯದಾಯಿತು.

ಮೈದುನನ ಮಗನಿಗೆ ಹೇಳಿ ಬಂದಿದ್ದೇನೆ. ಪ್ರತಿ ಭಾನುವಾರ ಜಮಖಂಡಿಯಿಂದ ಮೊದಲ ಬಸ್ಸು ಹಿಡಿದು ಬಂದು ಆ ಕಲ್ಲಿನ ಪಕ್ಕ ನಿಲ್ಲುತ್ತೇನೆ. ಟಿಕೆಟ್ಟು ಕೇಳಿದರೆ ಟಿಕೆಟ್ಟು ತೆಗೆಸಿ ಒಳಗೆ ಬರುತ್ತೇನೆ. ಕತೆ ಹೇಳುವವರು ಪೂರ್ತಿ ಹೇಳಲಿ. ಕೇಳಿದವರಿಗೆ ನಗು ಬಂದರೆ ನನ್ನ ಮುಖ ನೋಡಿ ನಗಲಿ.